ಬಲೂನಿನಲ್ಲಿ ಕೇಳಿದ ಹಾಡು

ಜೆ.ಪಿ. ನಗರದ ಒಂದು ಕೆಫೆಯಲ್ಲಿ ನಾನೇ ಬರೆದ ಹಾಡುಗಳನ್ನು ಹಾಡ್ತಿದ್ದೆ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಊದಿದ ಬಲೂನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಯಾರದೋ ಬರ್ತ್‌ಡೇ ಇರಬೇಕು ಅಂದುಕೊಂಡೆ.

ಹಾಡುಗಳೆಲ್ಲ ಮುಗಿದ ಮೇಲೆ ಅವರು ಹತ್ತಿರ ಬಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: "ನನಗೆ ಕಿವಿ ಕೇಳಲ್ಲ. ಹಾಡಿಗೆ ಬಲೂನು ನಡುಗುತ್ತೆ, ಅದನ್ನ ಕೈಯಲ್ಲಿ ಕೇಳ್ತೀನಿ. ಮೂರನೇ ಹಾಡಲ್ಲಿ ಮಧ್ಯೆ ನಿಂತುಬಿಟ್ರಿ. ಯಾರಾದ್ರೂ ನೆನಪಾದ್ರಾ?"

ಅದು ತೀರಿಹೋದ ಅಮ್ಮನ ಮೇಲೆ ಬರೆದ ಹಾಡು. ಅವಳನ್ನು ಕರೆಯುವ ಸಾಲಿನಲ್ಲಿ ಯಾಕೆ ನಿಂತೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. "ಅಮ್ಮ" ಅಂತ ಟೈಪ್ ಮಾಡಿದೆ. ಅವರು ನನ್ನ ಕೈ ಒತ್ತಿ ಹೊರಟರು.

ಕಿವಿ ನೆಟ್ಟಗಿರುವ ನಮ್ಮ ಗಿಟಾರಿಸ್ಟ್ ಮಾತ್ರ, "ಆ ಗ್ಯಾಪ್ ಸಖತ್ತಾಗಿತ್ತು ಮಗಾ, ಮುಂದಿನ ಶೋನಲ್ಲೂ ಇಡು" ಅಂದ.