ಕೊಂಗಗಳು ಇಳಿಯುವ ಕೆರೆ

ನಾವು ಊರಿಗಾಂನಲ್ಲಿ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿದ್ದಾಗ, ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ದೊಡ್ಡ ಬಿಳಿ ಹಕ್ಕಿಗಳು ನಮ್ಮ ಮನೆಯ ಮೇಲೆ ತೆಂಕಲಿಗೆ ಹಾರಿಹೋಗುತ್ತಿದ್ದವು. ಗಣಿಯ ಮಣ್ಣುದಿಬ್ಬಗಳ ಪಕ್ಕ ನೀರು ನಿಂತಿದ್ದರೂ ಒಂದೂ ಇಳಿಯುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತವೆ ಎಂದು ಯಾರನ್ನು ಕೇಳಿದರೂ "ದೇವರಿಗೇ ಗೊತ್ತು" ಎನ್ನುತ್ತಿದ್ದರು. ದೇವರಿಗೆ ಗೊತ್ತಿರುವುದು ಸರಿ, ನನಗೂ ಗೊತ್ತಾದರೆ ಅವನಿಗೇನು ನಷ್ಟ ಎನಿಸುತ್ತಿತ್ತು.

ಪಕ್ಕದ ಮನೆಯ ತೆಲುಗಿನಾಕೆಯ ತವರು ಕಾಮಸಮುದ್ರದ ಕಡೆ. ಒಂದು ದಿನ ಅಂಗಳದಲ್ಲಿ ಆಕೆ, "ಅಕ್ಕಾ, ಅವು ಮಾ ಊರ ಕೆರೆಗೇ ಬರೋದು. ಮರದ ತುಂಬಾ ಕೊಂಗಲು!" ಎಂದಳು. ತೆಲುಗಿನಲ್ಲಿ ಕೊಂಗ ಎಂದರೆ ಕೊಕ್ಕರೆ. ಒಳಗಿದ್ದ ನಮ್ಮತ್ತೆಯ ಬಾಯಲ್ಲಿ ಕೊಂಗರು ಎಂದರೆ ತಮಿಳಿನವರು.

"ಕೊಂಗರನ್ನ ನೋಡಾಕೆ ಕಾಮಸಮುದ್ರಕ್ಯಾಕೆ ಓಗ್ಬೇಕು? ಬಾಗ್ಲು ತೆಗುದ್ರೆ ನಮ್ ಲೈನ್ ತುಂಬಾ ಅವ್ರೇ! ಅವ್ರು ಮರದ್ ಮ್ಯಾಲೆ ಯಾಕೆ ಅತ್ತವ್ರೆ?" ಎಂದರು ಅತ್ತೆ.

ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಅತ್ತೆಗೆ ಕೋಪ ಬಂತು. ಆ ಕೋಪ ಇಳಿಯಲಿ ಎಂದು ಶನಿವಾರದವರೆಗೆ ಕಾದು, ನೋಡಿ ಬರಲೇ ಎಂದು ಕೇಳಿದೆ. ತೆಲುಗಿನಾಕೆಗೆ ಎಳೆಮಗು, ಬರುವಂತಿರಲಿಲ್ಲ. ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ.

"ಓಗು. ದೀಪ ಅಚ್ಚೋದ್ರೊಳ್ಗೆ ಮನೇಲಿರ್ಬೇಕು. ಇಲ್ದಿದ್ರೆ ಇನ್ನೊಂದ್ಸಾರಿ ಕೇಳ್ಬ್ಯಾಡ" ಎಂದರು. ಜ್ವರ ಬಂದು ಮಲಗಿದ್ದಾಗಲೂ ಹೊತ್ತು ಮುಳುಗುವ ವೇಳೆಗೆ ಎದ್ದು ದೇವರ ದೀಪ ಹಚ್ಚಿದವರು ಅವರು. ಆ ಮಾತು ನನಗೆ ರೈಲಿನ ಗಂಟೆಗಿಂತ ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಹೊರಟು, ಬಂಗಾರಪೇಟೆಯಲ್ಲಿ ಇಳಿದು ಗಾಡಿ ಬದಲಿಸಿದೆ. ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು; ದೇವರು ದೊಡ್ಡವನು. ಕಾಮಸಮುದ್ರದಿಂದ ದಾರಿ ಕೇಳುತ್ತಾ ನಡೆದು ಕೆರೆಯ ಏರಿ ಹತ್ತಿದರೆ ಎದುರಿಗೆ ಒಬ್ಬ ಮುದುಕಿ, ಎಮ್ಮೆ ಮೇಯಿಸುತ್ತಿದ್ದಳು.

"ಕೈಯಾಗೇನೈತೆ? ಕಲ್ಲಾ?"

ಅಂಗೈ ಬಿಚ್ಚಿ ತೋರಿಸಿದೆ. ಬಾಳೆಹಣ್ಣು.

"ಅಂಗಾರೆ ಬಾ. ಗಂಗಮ್ಮನ ಮನೆಗೆ ಬಂದಿರೋ ಅಕ್ಕಿಗಳು ಕಣವ್ವಾ, ಇಲ್ಯಾರೂ ಒಡೆಯಾಕಿಲ್ಲ. ಅವು ಕೂತ ಕೆರೆ ನೀರು ಬಿಟ್ರೆ ಗದ್ದೆಗೆ ಬ್ಯಾರೆ ಗೊಬ್ರಾನೇ ಬ್ಯಾಡ."

ಜೊಂಡಿನಾಚೆ, ನೀರೊಳಗೆ ನಿಂತ ಜಾಲಿಮರಗಳಲ್ಲಿ ಅವು ಗೂಡು ಕಟ್ಟಿದ್ದವು. ಹಳದಿ ಕೊಕ್ಕು; ಬಾಲದ ಹತ್ತಿರ ಓಕುಳಿ ಎರಚಿದ ಹಾಗೆ ಗುಲಾಬಿ ಬಣ್ಣ. ಅಷ್ಟು ಎತ್ತರದಲ್ಲಿ ಹಾರುವಾಗ ಈ ಬಣ್ಣ ನನಗೆ ಕಂಡೇ ಇರಲಿಲ್ಲ. ಒಂದು ತಾಯಿ ಬಿಸಿಲಿಗೆ ಬೆನ್ನು ಕೊಟ್ಟು, ಮರಿಗಳ ಮೇಲೆ ರೆಕ್ಕೆ ಹರಡಿ ನಿಂತಿತ್ತು, ಸೆರಗು ಹಿಡಿದ ಹಾಗೆ. ಇನ್ನೊಂದು ಕೆರೆಯ ನೀರನ್ನು ಕೊಕ್ಕಿನಲ್ಲಿ ತಂದು ಮರಿಗಳ ಮೈಮೇಲೆ ಸುರಿಯಿತು. ಹಕ್ಕಿಯೂ ಮಕ್ಕಳಿಗೆ ನೀರು ಹಾಕುತ್ತದೆಯೇ! ಯಾವಾಗ ಊಟ ಮಾಡಿದೆನೋ ನೆನಪಿಲ್ಲ. ಮುದುಕಿ ಕೊಟ್ಟ ಮಜ್ಜಿಗೆ ಮಾತ್ರ ನೆನಪಿದೆ.

ಬಿಸಿಲು ಇಳಿಯುವ ಮೊದಲೇ ಸ್ಟೇಷನ್ನಿಗೆ ಬಂದರೂ ಗಾಡಿ ಬರಲಿಲ್ಲ. ಗೂಡ್ಸು ಗಾಡಿ ಮೊದಲು ಹೋಗಬೇಕಂತೆ. ಬಂಗಾರಪೇಟೆ ತಲುಪುವಾಗಲೇ ಹೊತ್ತು ಮುಳುಗಿತ್ತು. ಊರಿಗಾಂ ಕಡೆಯ ಗಾಡಿ ಇನ್ನೂ ಹೊರಟಿರಲಿಲ್ಲ, ಅದೇ ಪುಣ್ಯ. ಊರಿಗಾಂ ಬರುವವರೆಗೂ ಒಂದೇ ಯೋಚನೆ: ಇನ್ನು ಮುಂದೆ ಆ ಕೆರೆ ನನಗಿಲ್ಲ.

ಲೈನಿನ ಎಲ್ಲ ಮನೆಗಳಲ್ಲೂ ದೀಪವಿತ್ತು. ನಮ್ಮ ಮನೆ ಮಾತ್ರ ಕತ್ತಲು. ಏನಾಯಿತೋ ಎಂದು ಓಡಿದೆ.

ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಒಳಗೆ ದೇವರ ಮುಂದೆ ಎಣ್ಣೆ ತುಂಬಿದ ದೀಪ, ಹೊಸೆದಿಟ್ಟ ಬತ್ತಿ, ಪಕ್ಕದಲ್ಲಿ ಬೆಂಕಿಪೊಟ್ಟಣ.

"ನಾನಿನ್ನೂ ದೀಪ ಅಚ್ಚಿಲ್ಲ" ಎಂದರು, ನನ್ನ ಮುಖ ನೋಡದೆ. "ಓಗು, ಕಾಲ್ ತೊಳ್ಕಂಡ್ ಬಂದು ಅಚ್ಚು."

ಹಚ್ಚಿದೆ. ಎರಡು ಕಡ್ಡಿ ಕೆಟ್ಟು ಮೂರನೆಯದಕ್ಕೆ ಹತ್ತಿತು. ಅವರು ಕೈಮುಗಿದು, ಮಣೆ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು.

"ಈಗ ಯೋಳು. ಮರದ ಮ್ಯಾಲೆ ಏನ್ಮಾಡ್ತಿದ್ರು ಆ ಕೊಂಗರು?"