ಆ ಮನೆಯಲ್ಲಿ ಕೆಲಸ ಮಾಡಿದ್ದವಳು

ಯಾರಾದರೂ ದೆವ್ವ ಕಂಡೆ, ಗಾಳಿ ಸೋಕಿತು ಎಂದರೆ ನಾನು ಮೊದಲು ಕೇಳುತ್ತಿದ್ದದ್ದು ಅವತ್ತು ಹೊಟ್ಟೆಗೆ ಏನು ತಿಂದಿದ್ದೆ ಅಂತ. ಹೆಸರಘಟ್ಟದ ಆಚೆ ನಮ್ಮೂರಿನಲ್ಲಿ ಹುಣಿಸೆ ಮರಕ್ಕೊಂದು ಕಥೆ, ಬಾವಿಗೊಂದು ಕಥೆ ಇತ್ತು. ಕತ್ತಲಾದ ಮೇಲೆ ಅದೇ ಬಾವಿಯಿಂದ ನೀರು ಸೇದಿ ತಂದವಳು ನಾನು. ಏನೂ ಕಂಡಿರಲಿಲ್ಲ. ಇವತ್ತಿಗೂ ದೆವ್ವ ಇದೆ ಎಂದು ನಾನು ಹೇಳಲಾರೆ. ಆದರೆ ಆರ್.ಟಿ. ನಗರದ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನಡೆಯಲಿಲ್ಲ ಎಂದೂ ಹೇಳಲಾರೆ. ಕೇಳಿದ ಮೇಲೆ ನೀವು ಏನು ಬೇಕಾದರೂ ತಿಳಿದುಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಯಶವಂತಪುರ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡು, ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದರು. ನಾನು ಊರಿನಲ್ಲಿ ಅತ್ತೆಯ ಜೊತೆ. ಮದುವೆಯಾಗಿ ವರ್ಷಗಳಾದರೂ ನಾವಿಬ್ಬರು ಒಂದೇ ಸೂರಿನಡಿ ಇದ್ದದ್ದು ಹಬ್ಬಕ್ಕೆ, ತಿಥಿಗೆ ಮಾತ್ರ. ಎರಡು ಸಲ ಬಸಿರು ನಿಂತು ಇಳಿದುಹೋಯಿತು. ಎರಡು ಸಲವೂ ಅವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ನಾನು ಎದ್ದು ಕಸಮುಸುರೆಗೆ ನಿಂತಿದ್ದೆ. ಹಾಗಾಗಿ, ದೊಡ್ಡ ಮನೆಯವರೊಬ್ಬರು ಗಂಡ ಹೆಂಡತಿ ಇಬ್ಬರನ್ನೂ ಕೆಲಸಕ್ಕಿಟ್ಟುಕೊಂಡು, ಹಿಂದಿನ ಔಟ್‌ಹೌಸಿನಲ್ಲಿ ಇರಲು ಜಾಗ ಕೊಡುತ್ತಾರಂತೆ ಎಂದು ಇವರು ಬಂದು ಹೇಳಿದಾಗ ನಾನು ಬೇರೆ ಏನನ್ನೂ ಕೇಳಲಿಲ್ಲ. ಟ್ರಂಕು ಕಟ್ಟಿದೆ.

ಮನೆ ಹೊಚ್ಚ ಹೊಸದು. ಗೃಹಪ್ರವೇಶದ ತೋರಣ ಬಾಗಿಲಲ್ಲಿ ಇನ್ನೂ ಒಣಗುತ್ತಿತ್ತು. ಸಾಹೇಬರಿಗೆ ಒಂದು ಕಾರ್ಖಾನೆ ಇತ್ತು. ಸಕ್ಕರೆ ಕಾಯಿಲೆಯ ಮನುಷ್ಯ, ಮೃದು ಮಾತು. ಮನೆ ನಡೆಸುತ್ತಿದ್ದವರು ಅಮ್ಮಾವರು. ಕೆಟ್ಟವರಲ್ಲ, ಆದರೆ ಹೇಳಿದ ಮಾತು ಹೇಳಿದ್ದೇ. ಅಡುಗೆಮನೆ ನಮ್ಮ ಯಜಮಾನರದು, ಉಳಿದ ಕೋಣೆಗಳೆಲ್ಲ ನನ್ನವು, ದೇವರ ಮನೆ ಮಾತ್ರ ಅಮ್ಮಾವರದು. ಅದನ್ನು ಗುಡಿಸಿ ಒರೆಸುತ್ತಿದ್ದವರೂ ಅವರೇ. ಅದರ ಹೊಸ್ತಿಲನ್ನು ನಾನು ಒಂದು ದಿನವೂ ದಾಟಿದವಳಲ್ಲ. ಬಂದ ದಿನವೇ ಅವರು ಇನ್ನೊಂದು ಮಾತು ಹೇಳಿದ್ದರು: "ಮಕ್ಕಳು ಮರಿ ಗಲಾಟೆ ಇಲ್ದೇ ಇರೋ ಜೋಡಿ ಬೇಕು ಅಂತಾನೇ ನಿಮ್ಮನ್ನ ತಗೊಂಡಿದ್ದೀನಿ." ನಾವು ತಲೆಯಾಡಿಸಿದೆವು.

ಎರಡನೆಯ ವರ್ಷ ನಾನು ಬಸುರಾದೆ. ಸೆರಗಿನಲ್ಲಿ ಮುಚ್ಚುವಷ್ಟು ದಿನ ಮುಚ್ಚಿದೆ. ಇನ್ನು ಆಗುವುದಿಲ್ಲ ಎಂದಾಗ ಇವರು, "ನಾನೇ ಸಾಹೇಬ್ರ ಹತ್ರ ಮಾತಾಡ್ತೀನಿ" ಎಂದರು. ನಾನು ಬೇಡವೆಂದು, ನಾನೇ ಹೋಗಿ ಅಮ್ಮಾವರ ಮುಂದೆ ನಿಂತೆ.

"ನಾನು ಮೊದ್ಲೇ ಹೇಳಿದ್ದೆ ಅಲ್ವಾ?" ಎಂದರು.

"ಹೇಳಿದ್ರಿ ಅಮ್ಮಾ. ಮಗು ಅತ್ತರೆ ಔಟ್‌ಹೌಸ್ ಬಾಗಿಲು ಹಾಕ್ಕೋತೀನಿ. ನಿಮ್ಮ ಕೆಲಸ ಒಂದೂ ನಿಲ್ಲಲ್ಲ. ಕೆಲಸಾನೂ ಬಿಡಲ್ಲ, ಮಗೂನೂ ಬಿಡಲ್ಲ."

ಅವರು ನನ್ನನ್ನೇ ನೋಡಿದರು. "ಹೆರಿಗೆ ಆಗ್ಲಿ. ಆಮೇಲೆ ಬೇರೆ ಜೋಡಿ ನೋಡ್ಕೋತೀನಿ" ಎಂದು ಒಳಗೆ ಹೋದರು.

ಅದಾದ ಮೇಲೆ ನಾನು ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಬಿಡಲಿಲ್ಲ. ಬಸುರಿಯಿಂದ ಕೆಲಸ ಕೆಟ್ಟಿತು ಎಂಬ ಒಂದು ಮಾತಿಗೂ ಎಡೆ ಕೊಡಬಾರದೆಂದು ಹಠ. ಆ ಮಳೆಗಾಲದಲ್ಲಿ ಅವರ ಸಂಬಂಧಿಕರ ಮದುವೆ ಮೈಸೂರಿನಲ್ಲಿ ಬಂತು. ಸಾಹೇಬರ ಪಥ್ಯದ ಅಡುಗೆಗೆ ನಮ್ಮ ಯಜಮಾನರೂ ಜೊತೆಗೆ ಹೋಗಬೇಕಾಯಿತು. ನನ್ನೊಬ್ಬಳನ್ನೇ ಬಿಟ್ಟು ಹೋಗಲು ಇವರಿಗೆ ಮನಸ್ಸಿಲ್ಲ. "ಇನ್ನೂ ಒಂದು ತಿಂಗಳಿದೆ, ಹೋಗಿ ಬನ್ನಿ. ಮನೆ ನಾನು ನೋಡ್ಕೋತೀನಿ" ಎಂದು ನಾನೇ ಕಳಿಸಿದೆ. ಸಂಜೆಯಾದರೆ ಕಾವಲಿನ ಮುದುಕ ಬರುತ್ತಿದ್ದ. ಭಯವೇನಿರಲಿಲ್ಲ.

ಅವರು ಹೋದ ಮಾರನೆಯ ದಿನ ಮಧ್ಯಾಹ್ನವೇ ಮೋಡ ಕವಿದು ಮನೆಯೊಳಗೆ ಕತ್ತಲಾಯಿತು. ಗುಡುಗು, ಹಿಂದೆಯೇ ಮಳೆ. ಕರೆಂಟು ಹೋಯಿತು. ಫೋನ್ ಎತ್ತಿದರೆ ಸದ್ದೇ ಇಲ್ಲ. ಕಿಟಕಿಗಳನ್ನು ಮುಚ್ಚಿಕೊಂಡು ಅಡುಗೆಮನೆಗೆ ಬರುವಾಗ ಸೊಂಟದಲ್ಲಿ ಚಳಕ್ ಎಂದಿತು. ಸುಳ್ಳು ನೋವಿರಬೇಕು ಎಂದುಕೊಂಡು ಕಟ್ಟೆ ಹಿಡಿದು ನಿಂತೆ. ಆಮೇಲೆ ಕಾಲಿನ ಮೇಲೆ ನೀರು ಹರಿಯಿತು.

ಆಗ ಅಕ್ಕಪಕ್ಕ ಮನೆಗಳಿರಲಿಲ್ಲ. ಖಾಲಿ ಸೈಟು, ಲಂಟಾನ ಪೊದೆ. ಆಚೆ ಒಂದು ಮನೆ ಏಳುತ್ತಿತ್ತು, ಮಳೆಗೆ ಅದರ ಕೆಲಸದವರೂ ಹೋಗಿಯಾಗಿತ್ತು. ಕೂಗಿದೆ. ಮಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ಹೋಗಿವೆ, ಇದನ್ನು ಕೊಡುವುದಿಲ್ಲ ಎಂದು ಯಾರಿಗೋ ಹೇಳಿದೆ. ಹೇಗಾದರೂ ರಸ್ತೆ ಸೇರೋಣವೆಂದು ಗೋಡೆ ಹಿಡಿದುಕೊಂಡು ಹೋಗಿ ಹಿಂಬಾಗಿಲು ತೆರೆದೆ.

ಬಾಗಿಲಲ್ಲೇ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ಕಪ್ಪು ಮೈಬಣ್ಣ, ಗಂಡಸರ ಕೈಯಂಥ ಅಗಲವಾದ ಕೈ. ಸೆರಗಿನ ನೀರು ಹಿಂಡುತ್ತಿದ್ದಳು.

"ಅಮ್ಮಾರು ಇಲ್ವಾ?" ಎಂದಳು.

"ಊರಿಗೆ ಹೋಗಿದ್ದಾರೆ. ನೀವ್ಯಾರು?"

"ನಾನು ಈ ಮನೇಲಿ ಕೆಲ್ಸ ಮಾಡ್ದೋಳು ಕಣವ್ವ" ಎಂದವಳೇ ನನ್ನ ಮುಖ ನೋಡಿದಳು. ಮತ್ತೆ ಏನೂ ಕೇಳದೆ ತೋಳು ಹಿಡಿದು ಒಳಗೆ ನಡೆಸಿದಳು.

ಹಿಂಬಾಗಿಲು ಆ ಮಳೆಗಾಲಕ್ಕೆ ಉಬ್ಬಿಕೊಂಡಿತ್ತು. ಮಂಡಿಯಿಂದ ಒಂಚೂರು ಎತ್ತಿಕೊಟ್ಟರೆ ಮಾತ್ರ ಚಿಲಕ ಕೂರುತ್ತಿತ್ತು. ಅವಳು ಹಿಂದಿರುಗಿ ಮಂಡಿ ಕೊಟ್ಟು ಎತ್ತಿ ಚಿಲಕ ಹಾಕಿ, "ಈ ಬಾಗ್ಲು ಇನ್ನೂ ಸರಿ ಮಾಡ್ಸಿಲ್ವಾ" ಎಂದು ಗೊಣಗಿದಳು. ನೋವಿನಲ್ಲಿ ನನಗೆ ಅದು ವಿಚಿತ್ರ ಎನಿಸಲಿಲ್ಲ. ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಗೋಣಿಚೀಲ ಹಾಸಿ ನನ್ನನ್ನು ಮಲಗಿಸಿದಳು. ಬೆಂಕಿಪೊಟ್ಟಣ ಥಂಡಿ ಹಿಡಿಯದಂತೆ ನಾನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದೆ. ಎಲ್ಲಿದೆ ಎಂದು ಹೇಳುವಷ್ಟರಲ್ಲಿ ಅವಳು ಅಲ್ಲಿಂದಲೇ ತೆಗೆದು ಒಲೆ ಹಚ್ಚಿ ನೀರಿಟ್ಟಳು. ಸಾಹೇಬರ ಬಚ್ಚಲಿನಿಂದ ಹೊಸ ಬ್ಲೇಡು ತಂದು ಕುದಿಯುವ ನೀರಿಗೆ ಹಾಕಿದಳು.

ಆಮೇಲೆ ನೇರವಾಗಿ ದೇವರ ಮನೆಗೆ ನಡೆದಳು. ಉಗ್ರಾಣದಿಂದ ಅದರ ಬಾಗಿಲು ನನಗೆ ಕಾಣುತ್ತಿತ್ತು. ಅಷ್ಟು ನೋವಿನಲ್ಲೂ ನನ್ನ ಜೀವ ಹಾರಿತು.

"ಅಲ್ಲಿಗೆ ಹೋಗ್ಬೇಡಿ, ಅಮ್ಮಾವ್ರು ಬೈತಾರೆ."

"ಬೈಕೊಳ್ಲಿ. ಮಗೀಗೆ ಬಟ್ಟೆ ಬ್ಯಾಡ್ವಾ?"

ಒದ್ದೆ ಸೀರೆಯಲ್ಲೇ ಒಳಗೆ ಹೋಗಿ, ಒಂದು ಪಟದ ಹಿಂದೆ ಕೈ ಹಾಕಿ ಬೀಗದ ಕೈ ತೆಗೆದಳು. ಹುಡುಕಲಿಲ್ಲ. ನಿಮ್ಮ ಮನೆಯಲ್ಲಿ ಸ್ವಿಚ್ಚಿಗೆ ನಿಮ್ಮ ಕೈ ಹೋಗುತ್ತದಲ್ಲ, ಹಾಗೆ. ಅದರಿಂದ ಪಡಸಾಲೆಯ ಬೀರು ತೆಗೆದು, ಹಳೆಯ ಮೆತ್ತನೆ ಹೊದಿಕೆ ಎರಡನ್ನು ತಂದಳು.

ಮುಂದಿನದನ್ನು ಹೆಚ್ಚು ಹೇಳುವುದಿಲ್ಲ. ಹೆತ್ತವರಿಗೆ ಗೊತ್ತು. "ಎದರ್ಕೋಬ್ಯಾಡ. ಕೂಗಿ ಶಕ್ತಿ ಕಳಕೋಬ್ಯಾಡ, ಇಂಗೆ ನನ್ನ ಕೈ ಇಡ್ಕೊ" ಎಂದಳು. ಹಿಡಿದುಕೊಂಡೆ. ಮಗು ಹೊರಗೆ ಬಂದಾಗ ಅಳಲಿಲ್ಲ. ಅವಳು ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದಳು, ಬಾಯೊಳಗೆ ಬೆರಳಾಡಿಸಿದಳು, ಮತ್ತೆ ತಟ್ಟಿದಳು. ನಾನು ಮೊಣಕೈ ಊರಿ ಎದ್ದು, "ಬಿಡಬೇಡಿ" ಎಂದೆ. "ಬಿಡಾಕಿಲ್ಲ" ಎಂದಳು. ಆಮೇಲೆ ಅದು ಅತ್ತಿತು.

ಹೊಕ್ಕುಳಬಳ್ಳಿ ಕಟ್ಟಿ ಕೊಯ್ದು, ಮಗುವಿಗೆ ಬಿಸಿನೀರು ಹಾಕಿ, ಹೊದಿಕೆಯಲ್ಲಿ ಸುತ್ತಿ ನನ್ನ ಮಗ್ಗುಲಿಗೆ ಮಲಗಿಸಿದಳು. "ಎಣ್ಣುಮಗ" ಎಂದಳು. ಮೆಣಸು ಬೆಲ್ಲ ಕುದಿಸಿ ಕುಡಿಸಿದಳು. ನಿಮ್ಮ ಹೆಸರೇನು ಎಂದು ಕೇಳಿದೆ. "ಎಸ್ರು ತಕಂಡು ಏನ್ಮಾಡ್ತೀಯ, ಮಗೀನ್ ನೋಡು" ಎಂದಳು. ಮಳೆ ನಿಲ್ಲುತ್ತಾ ಬಂದಿತ್ತು. "ಬರ್ತೀನಿ ಕಣವ್ವ" ಎಂದು ಅವಳು ಎದ್ದದ್ದು ನೆನಪಿದೆ, ಹಿಂಬಾಗಿಲು ಕಿರುಗುಟ್ಟಿದ್ದು ನೆನಪಿದೆ. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತು.

ಕಾವಲಿನ ಮುದುಕ ಬಂದು ಮಗುವಿನ ಅಳು ಕೇಳಿ ಗಾಬರಿಯಾಗಿ ಹೆಬ್ಬಾಳದ ಕಡೆಯಿಂದ ನರ್ಸೊಬ್ಬಳನ್ನು ಕರೆತಂದ. ಆಕೆ ಮಗುವಿನ ಹೊಕ್ಕುಳು ನೋಡಿ, "ಯಾರು ಕಟ್ಟಿದ್ದು? ಪಳಗಿದ ಕೈ" ಎಂದಳು. ಗೇಟಿನಲ್ಲಿ ಯಾರೂ ಎದುರಾಗಲಿಲ್ಲ ಎಂದ ಮುದುಕ. ಅದೇನೂ ದೊಡ್ಡದಲ್ಲ. ಹಿಂದಿನ ಕಾಂಪೌಂಡಿಗೆ ಆಗ ಬರೀ ತಂತಿಬೇಲಿ ಇತ್ತು, ಯಾರು ಬೇಕಾದರೂ ನುಸುಳಿ ಬರಬಹುದಿತ್ತು.

ಮೈಸೂರಿನಿಂದ ಬಂದ ಅಮ್ಮಾವರು ಮೊದಲು ಪುರೋಹಿತರಿಗೆ ಹೇಳಿಕಳಿಸಿ ಪುಣ್ಯಾಹ ಮಾಡಿಸಿದರು. ಆಮೇಲೆ ಔಟ್‌ಹೌಸಿಗೆ ಬಂದು ಬಾಗಿಲಲ್ಲೇ ನಿಂತರು. ಬೀಗದ ಕೈ ಅವರ ಮುಷ್ಟಿಯಲ್ಲಿತ್ತು. ಅದು ಬೀರುವಿನಲ್ಲೇ ಉಳಿದಿತ್ತಂತೆ.

"ಇದೆಲ್ಲಿತ್ತು ಅಂತ ನಿಂಗೆ ಹೇಗೆ ಗೊತ್ತಾಯ್ತು?"

ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಬಿಗಿಯಾಯಿತು. "ಆ ಜಾಗ ನಮ್ಮ ಯಜಮಾನ್ರಿಗೂ ಗೊತ್ತಿಲ್ಲ. ಈ ಮನೇಲಿ ನಿಮಗಿಂತ ಮುಂಚೆ ಯಾರೂ ಕೆಲ್ಸಕ್ಕೇ ಇರ್ಲಿಲ್ಲ. ಇದೇನು ಹಳೇ ಮನೇನಾ? ನಿನ್ನೆ ಮೊನ್ನೆ ಕಟ್ಟಿದ್ದು. ನಿಜ ಹೇಳು."

ನಮ್ಮ ಯಜಮಾನರು ಕೈಮುಗಿದು ಏನೋ ಹೇಳಲು ಬಂದರು. ನಾನು ತಡೆದೆ. ಮಗುವನ್ನು ಇವರ ಕೈಗೆ ಕೊಟ್ಟು ಎದ್ದು, ಟ್ರಂಕಿನ ಮುಚ್ಚಳ ತೆಗೆದೆ.

"ನೋಡ್ಕೊಳ್ಳಿ ಅಮ್ಮಾ. ಬೀರೂನೂ ನೋಡ್ಕೊಳ್ಳಿ. ನಿಜಾನೇ ಹೇಳಿದ್ದೀನಿ, ನಾಳೆ ಕೇಳಿದ್ರೂ ಇದನ್ನೇ ಹೇಳ್ತೀನಿ. ಕಳ್ಳಿ ಅನ್ನಿಸ್ಕೊಂಡು ಈ ಮನೆಯಿಂದ ಹೋಗಲ್ಲ."

ಅಮ್ಮಾವರು ಟ್ರಂಕಿನ ಕಡೆ ನೋಡಲಿಲ್ಲ. ಬೀರುವಿನಲ್ಲಿದ್ದ ಒಡವೆಯೆಲ್ಲ ಇಟ್ಟಲ್ಲೇ ಇದೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. "ಹೇಗಿದ್ಲು ಅವಳು?" ಎಂದರು. ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಯಾರ ನೆನಪೂ ಬಂದಂತೆ ಕಾಣಲಿಲ್ಲ. ಹೋಗುವಾಗ ಜಂತೆಯ ಕಡೆ ನೋಡಿ, "ತೊಟ್ಟಿಲು ಕಟ್ಟೋಕೆ ಇಲ್ಲಿ ಕೊಕ್ಕೆ ಇಲ್ಲ. ನಾಳೆ ಆಚಾರಿ ಬಂದ್ರೆ ಹೇಳ್ತೀನಿ" ಎಂದರು. ಬೇರೆ ಜೋಡಿಯ ಮಾತು ಮತ್ತೆ ಬರಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ. ಬಾಣಂತನ ಮುಗಿದ ಮೇಲೆ, ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಲಸಕ್ಕೆ ನಿಂತೆ. ಸಾಹೇಬರು, ಅಮ್ಮಾವರು ಇಬ್ಬರೂ ತೀರಿಕೊಳ್ಳುವವರೆಗೆ ನಾವು ಅಲ್ಲೇ ಇದ್ದೆವು.

ಅವಳನ್ನು ಹುಡುಕದೆ ಇರಲಿಲ್ಲ. ನಮ್ಮ ಯಜಮಾನರು ಮನೆ ಕಟ್ಟುವವರ ಶೆಡ್ಡುಗಳಲ್ಲಿ ವಿಚಾರಿಸಿದರು, ಸುತ್ತಲ ಹಳ್ಳಿಗಳ ಸೂಲಗಿತ್ತಿಯರನ್ನೆಲ್ಲ ಕಂಡು ಬಂದರು. ಆ ಮಳೆಯಲ್ಲಿ ಯಾರೂ ಮನೆ ಬಿಟ್ಟು ಹೊರಟಿರಲಿಲ್ಲ. ಮನೆ ಏಳುವ ಮೊದಲು ಅಲ್ಲಿ ಬೇರೆ ಏನಿತ್ತು ಎಂದೂ ಕೇಳಿದರು. ರಾಗಿ ಹೊಲ, ಅಷ್ಟೇ.

ಇವರು ಇವತ್ತಿಗೂ ಹೇಳುವುದು, ಯಾವುದೋ ಊರಿನ ಸೂಲಗಿತ್ತಿ ಮಳೆಗೆ ನಿಂತಿದ್ದಳು, ಮನೆ ಯಾವುದೆಂದು ತಪ್ಪು ತಿಳಿದಳು, ಬೀಗದ ಕೈ ಅದೃಷ್ಟಕ್ಕೆ ಸಿಕ್ಕಿತು ಎಂದು. ಇರಬಹುದು. ನಾನೂ ಹಾಗೇ ನಂಬಲು ಎಷ್ಟೋ ಸಲ ನೋಡಿದ್ದೇನೆ. ಆದರೆ ಪಟದ ಹಿಂದೆ ಹೋದ ಆ ಕೈ ಕಣ್ಣ ಮುಂದೆ ಬರುತ್ತದೆ, ಲೆಕ್ಕ ತಪ್ಪುತ್ತದೆ. ಹಾಗೆಂದು ಅವಳನ್ನು ದೆವ್ವ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ನೋವು ಬಂದಾಗಲೆಲ್ಲ ನಾನು ಹಿಡಿದದ್ದು ಅವಳ ಕೈಯನ್ನೇ. ಅಷ್ಟು ಮಳೆಯಲ್ಲಿ ನೆನೆದು ಬಂದಿದ್ದರೂ ಅದು ಬೆಚ್ಚಗಿತ್ತು.