ಹವಾಲ್ದಾರ್ ಜುಂಜಯ್ಯ ಮತ್ತು ಎಣ್ಣೆ ಹತ್ತಿದ ಕಲ್ಲು

ಐಮಂಗಲ ದಾಟಿ ಹಿರಿಯೂರಿನ ಕಡೆಗೆ ಹೊರಟರೆ, ಹೆದ್ದಾರಿಯ ಸರ್ವಿಸ್ ರಸ್ತೆಯ ಪಕ್ಕ ಆಳೆತ್ತರದ ಕಪ್ಪು ಗ್ರಾನೈಟ್ ಕಲ್ಲೊಂದು ಕಾಣುತ್ತದೆ. ಅದರ ಮೇಲೆ ಏಳು ಹೆಸರುಗಳಿವೆ. ಆರು ಜನ ಗಡಿಯಲ್ಲಿ ಸತ್ತ ಸೈನಿಕರು. ಏಳನೆಯವನು ಗೃಹರಕ್ಷಕ ದಳದ ಸ್ವಯಂಸೇವಕ ಮಾರುತಿ. ಹಳ್ಳ ಉಕ್ಕಿ ಬಂದ ದಿನ ಮೂವರನ್ನು ದಡಕ್ಕೆ ಎಳೆದು ಹಾಕಿ, ನಾಲ್ಕನೆಯವನನ್ನು ತರಲು ಹೋದವನು ತಿರುಗಿ ಬರಲಿಲ್ಲ.

ಈ ಕಲ್ಲನ್ನು ಕಾಯುವವನು ನಿವೃತ್ತ ಹವಾಲ್ದಾರ್ ಜುಂಜಯ್ಯ. ಅವನನ್ನು ಯಾರೂ ನೇಮಿಸಿರಲಿಲ್ಲ. ಹತ್ತೊಂಬತ್ತು ವರ್ಷ ಹೊಸಬರಿಗೆ ಕವಾಯತು ಕಲಿಸಿ ಊರಿಗೆ ಬಂದಾಗ, ಮನೆಯಲ್ಲಿ ಅವನ ಆಜ್ಞೆ ಕೇಳುವವರು ಯಾರೂ ಇಲ್ಲವೆಂಬುದು ಒಂದೇ ವಾರದಲ್ಲಿ ಸ್ಪಷ್ಟವಾಯಿತು. ಕಲ್ಲಿನ ಮೇಲಿನ ಏಳು ಜನ ಎದುರು ಮಾತಾಡುವವರಲ್ಲ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಬಂದು, ಕಲ್ಲು ಒರೆಸಿ, ಸೆಲ್ಯೂಟ್ ಹೊಡೆದು, ಸಂಜೆಯವರೆಗೆ ಅಲ್ಲೇ ಇರುತ್ತಿದ್ದ. ಮೂರು ವರ್ಷ ಅವನ ಜೀವನ ನೆಮ್ಮದಿಯಾಗಿ ಸಾಗಿತು.

ಅದನ್ನು ಕೆಡಿಸಿದವಳು ಪಕ್ಕದಲ್ಲೇ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಇಟ್ಟಿರುವ ಚಂದ್ರಕ್ಕ. ಮೊಮ್ಮಗಳು ಅನುಷಾ ಪೊಲೀಸ್ ಕೆಲಸದ ಓಟದ ಪರೀಕ್ಷೆಗೆ ಹೋದ ದಿನ, ಚಂದ್ರಕ್ಕ ಕಲ್ಲಿಗೆ ಮೂರು ಸುತ್ತು ಬಂದು, ಹುಡುಗಿ ಪಾಸಾದರೆ ಐದು ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಳು. ಅನುಷಾ ಪಾಸಾದಳು. ಅವಳು ಆರು ತಿಂಗಳಿನಿಂದ ದಿನಾ ಎಂಟು ಕಿಲೋಮೀಟರ್ ಓಡಿ ಅಭ್ಯಾಸ ಮಾಡಿದ್ದಳು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಐದು ಕಾಯಿ ಒಡೆದವು. ಆಮೇಲೆ ಪರೀಕ್ಷೆ ಬರೆಯುವವರೆಲ್ಲ ಬಂದರು, ಅವರ ಹಿಂದೆ ಮಕ್ಕಳಾಗದವರು ಬಂದರು, ಕೊನೆಗೆ ಲಾರಿ ಡ್ರೈವರುಗಳೂ ಬಂದರು. ಎರಡು ತಿಂಗಳಲ್ಲಿ ಗ್ರಾನೈಟಿನ ಮೇಲೆ ಎಣ್ಣೆ, ಅರಿಸಿನ, ಕುಂಕುಮ ಎಷ್ಟು ದಪ್ಪಗೆ ಕೂತವೆಂದರೆ ಹೆಸರುಗಳನ್ನು ಬೆರಳಿನಿಂದ ತಡಕಿ ಓದಬೇಕಾಯಿತು.

ಜುಂಜಯ್ಯ ಸೋಪಿನಪುಡಿ ಹಾಕಿ ಉಜ್ಜಿದ. "ಇದು ದೇವರಲ್ಲ. ಕಾಯಿ ಒಡೆಯಬಾರದು" ಎಂದು ಬೋರ್ಡು ನೆಟ್ಟ. ಮೂರನೆಯ ದಿನಕ್ಕೆ ಬೋರ್ಡಿಗೂ ಕುಂಕುಮ ಬಿತ್ತು.

"ಚಂದ್ರಕ್ಕ, ಇವ್ರು ಮನುಷ್ಯರು ಕಣಕ್ಕ," ಎಂದು ಅವನು ಅಂಗಡಿಯ ಮುಂದೆ ನಿಂತು ಕೂಗಿದ. "ಈ ಕಲ್ಲಾಗೆ ಹೆಸರಿರೋ ಪರಮೇಶಿ ಮಿಲಿಟ್ರಿನಾಗೆ ನನ್ನ ಪಕ್ಕದ ಮಂಚದಾಗೆ ಮಲಗಿ ಗೊರಕೆ ಹೊಡೀತಿದ್ದ. ದೇವ್ರು ಗೊರಕೆ ಹೊಡೀತಾನಾ?"

ಚಂದ್ರಕ್ಕ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ಲೇ ಜುಂಜಯ್ಯ, ನಿನ್ನ ಹೆಸರು ಯಾರ್ದು? ನಿಮ್ಮ ಮನೆದೇವ್ರು ಜುಂಜಪ್ಪಂದು. ಅವ್ನೂ ದನ ಕಾಯ್ಕಂಡಿದ್ದ ಮನುಷ್ಯನೇ ಅಲ್ವೇನೋ? ಅವ್ನಿಗೆ ನಿಮ್ಮೋರು ಕೈ ಮುಗಿಯಾಕಿಲ್ವಾ? ನೀನು ಮಾಡಿದ್ರೆ ಭಕ್ತಿ, ನಾನು ಮಾಡಿದ್ರೆ ಎಣ್ಣೆ ಜಿಡ್ಡಾ?"

ಜುಂಜಯ್ಯ ಸೋಪಿನಪುಡಿಯ ಬಕೆಟ್ ಎತ್ತಿಕೊಂಡು ಮತ್ತೆ ಕಲ್ಲು ಉಜ್ಜಲು ಹೋದ.

ಅಷ್ಟರಲ್ಲಿ ಮಾಜಿ ಸೈನಿಕರ ಸಂಘದ ಅಧ್ಯಕ್ಷರ ಫೋನ್ ಬಂತು. ಅವರು ನಿವೃತ್ತ ಕರ್ನಲ್. ಹಿಂದಿನ ತಿಂಗಳು ಇತ್ತ ಬಂದಾಗ ಸೆಲ್ಯೂಟ್ ಮಾಡಲು ಹೆಜ್ಜೆ ಇಟ್ಟು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿದ್ದರು. "ಜುಲೈ ಇಪ್ಪತ್ತಾರು, ಕಾರ್ಗಿಲ್ ವಿಜಯ ದಿವಸಕ್ಕೆ ಬರ್ತೀನಿ. ಆಗಲೂ ಹೀಗೇ ಇದ್ದರೆ ಸುತ್ತ ಕಬ್ಬಿಣದ ಬೇಲಿ ಹಾಕಿ, ಬೀಗ ಜಡಿದು, ನೋಡಿಕೊಳ್ಳೋಕೆ ಗುತ್ತಿಗೆದಾರನಿಗೆ ಕೊಡ್ತೀವಿ. ನೀವು ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ."

ಸೈನ್ಯದಲ್ಲಿದ್ದಾಗ ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲೂ ನಡುಗದೆ ನಿಂತಿದ್ದ ಜುಂಜಯ್ಯ, 'ವಿಶ್ರಾಂತಿ' ಎಂಬ ಮಾತು ಕೇಳಿ ನಡುಗಿದ.

ಎರಡು ದಿನ ಯೋಚಿಸಿ ಅವನು ಒಂದು ಉಪಾಯ ಮಾಡಿದ. ಸ್ಮಾರಕದಿಂದ ಇಪ್ಪತ್ತು ಹೆಜ್ಜೆ ದೂರದ ಬೇವಿನ ಮರದ ಬುಡದಲ್ಲಿ ಹಳೆಯ ವೀರಗಲ್ಲೊಂದು ಮುಳ್ಳು ಪೊದೆಯಲ್ಲಿ ಹೂತುಹೋಗಿತ್ತು. ಎಂದೋ ದನಗಳ್ಳರ ಜೊತೆ ಹೋರಾಡಿ ಸತ್ತ ಯಾರದೋ ಕಲ್ಲು. ಅದನ್ನು ಬಿಡಿಸಿ, ತೊಳೆದು, ನೇರ ನಿಲ್ಲಿಸಿ, ಚಂದ್ರಕ್ಕನನ್ನೂ ಹರಕೆಯವರನ್ನೂ ಕರೆದು ಘೋಷಿಸಿದ: "ಈ ಏಳು ಜನಕ್ಕೆ ಟ್ರಾನ್ಸ್‌ಫರ್ ಆಗೈತೆ. ದೇವರ ಡ್ಯೂಟಿ ಇನ್ಮೇಲೆ ಆ ಕಲ್ಲಾಗೆ. ಎಣ್ಣೆ, ಕಾಯಿ, ಎಲ್ಲ ಅಲ್ಲಿಗೇ."

"ಆರ್ಡರ್ ಯಾರು ಕೊಟ್ರು, ನೀನಾ?" ಎಂದಳು ಚಂದ್ರಕ್ಕ. "ಅವ್ರನ್ನೇ ಕೇಳಾಣ. ಹೂವು ಇಡಾಣ. ಬಲಕ್ಕೆ ಬಿದ್ರೆ ಹೋಗ್ತಾರೆ, ಎಡಕ್ಕೆ ಬಿದ್ರೆ ಇಲ್ಲೇ ಇರ್ತಾರೆ. ಆಮೇಲೆ ನೀನು ಬಾಯಿ ಬಿಡಂಗಿಲ್ಲ."

ಹೂವಿನ ಅಪ್ಪಣೆಯಲ್ಲಿ ಜುಂಜಯ್ಯನಿಗೆ ನಂಬಿಕೆಯಿರಲಿಲ್ಲ. ಆಷಾಢದ ಗಾಳಿಯಲ್ಲಿ ಇತ್ತು. ವಾರದಿಂದ ಅದು ಅವನ ಎಡಗಡೆಯಿಂದ ಬಲಗಡೆಗೆ ಬೀಸುತ್ತಲೇ ಇತ್ತು. ಒಪ್ಪಿಕೊಂಡ.

ಮರುದಿನ ಬೆಳಿಗ್ಗೆ ನಲವತ್ತು ಜನ ಸೇರಿದರು. ಚಂದ್ರಕ್ಕ ಸ್ಮಾರಕದ ಕಲ್ಲಿನ ನೆತ್ತಿಯ ನಡುವೆ ಒಂದು ಸೇವಂತಿಗೆ ಇಟ್ಟಳು. ಗಾಳಿ ನಿಂತಿತು. ಬೇವಿನ ಎಲೆ ಅಲುಗಲಿಲ್ಲ. ಹತ್ತು ನಿಮಿಷ ಕಳೆಯಿತು. ಒಬ್ಬ ಲಾರಿ ಡ್ರೈವರ್ ಗಡಿಯಾರ ನೋಡಿಕೊಂಡ.

"ಅವ್ರಿಗೆ ಇಷ್ಟ ಇಲ್ಲ," ಎಂದಳು ಚಂದ್ರಕ್ಕ.

ಆಗ ಜುಂಜಯ್ಯನ ತಾಳ್ಮೆ ಕೆಟ್ಟಿತು. ಅವನಿಗೆ ದೇವರ ಭಾಷೆ ಗೊತ್ತಿರಲಿಲ್ಲ. ಆ ಏಳು ಜನರಲ್ಲಿ ಆರು ಜನರ ಭಾಷೆ ಗೊತ್ತಿತ್ತು. ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ಹೆದ್ದಾರಿಯ ಆಚೆಗೂ ಕೇಳುವಂತೆ ಕೂಗಿದ:

"ಸ್ಕ್ವಾಡ್... ಸಾವಧಾನ್! ದಾಹಿನೇ ಮುಡ್!"

ಬಲಕ್ಕೆ ತಿರುಗು ಎಂದು ಅದರ ಅರ್ಥ. ಕೂಗಿದ ಮೇಲೆ ನೆನಪಾಯಿತು. ಅವನೊಂದಿಗೆ ಒಂದೇ ದಿನ ಸೈನ್ಯ ಸೇರಿದ ಪರಮೇಶ್ ಈ ಆಜ್ಞೆಗೆ ಸದಾ ಎಡಕ್ಕೆ ತಿರುಗುತ್ತಿದ್ದ, ಅವನಿಂದಾಗಿ ಇಡೀ ಸ್ಕ್ವಾಡ್ ರೈಫಲ್ ತಲೆಯ ಮೇಲೆತ್ತಿ ಮೈದಾನ ಸುತ್ತುತ್ತಿತ್ತು.

"ಪರಮೇಶಿ," ಎಂದು ಜುಂಜಯ್ಯ ದನಿ ತಗ್ಗಿಸಿ ಗದರಿದ, "ಇವತ್ತೊಂದ್ ದಿನ ಸರಿಯಾಗಿ ತಿರುಗ್ಲೇ."

ಸೇವಂತಿಗೆ ಒಮ್ಮೆ ಹೊರಳಿ ಕೆಳಗೆ ಬಿತ್ತು. ಎಡಕ್ಕೆ.

ಜುಂಜಯ್ಯ ಕಣ್ಣು ಮುಚ್ಚಿದ. ಬೇಲಿ, ಬೀಗ, ಗುತ್ತಿಗೆದಾರ, ಮನೆಯ ಜಗಲಿ, ಎಲ್ಲ ಸಾಲಾಗಿ ಕಾಣಿಸಿದವು. "ಸತ್ರೂ ಬುದ್ಧಿ ಬರ್ಲಿಲ್ಲ ಈ ನನ್ಮಗನಿಗೆ," ಎಂದು ಗೊಣಗಿದ.

"ಯಾಕೋ ಬೈತೀಯ?" ಎಂದಳು ಚಂದ್ರಕ್ಕ. ಅವಳ ಮುಖ ಪೆಚ್ಚಾಗಿತ್ತು. "ಗೆದ್ದೋನು ನೀನು. ಬಲಕ್ಕೇ ಬಿದ್ದೈತೆ."

"ಎಡಕ್ಕೆ ಬಿತ್ತಲ್ಲಕ್ಕ."

"ನಿನ್ನ ಎಡ ಕಟ್ಕೊಂಡು ದೇವ್ರಿಗೇನೋ? ಕಲ್ಲು ನಮ್ಮ ಕಡೆ ಮುಖ ಮಾಡ್ಕಂಡ್ ನಿಂತೈತೆ. ಅದರ ಬಲ ನೋಡ್ಬೇಕು. ಅಷ್ಟು ವರ್ಷ ಎದುರಿಗೆ ನಿಂತ್ಕಂಡು ಏನು ಕಲಿಸ್ದೆ ಮಿಲಿಟ್ರಿಯೋರಿಗೆ?"

ಹತ್ತೊಂಬತ್ತು ವರ್ಷದ ಕವಾಯತು ಮಾಸ್ತರನಿಗೆ ನಲವತ್ತು ಜನರೆದುರು ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಇದಕ್ಕಿಂತ ದೊಡ್ಡ ಸಂತೋಷವೂ ಇಲ್ಲ. ಅವನು ನಂಬಿದ್ದ ಗಾಳಿ ಬೀಸಿದ್ದರೆ ಸೋಲುತ್ತಿದ್ದ. ಚಂದ್ರಕ್ಕ ಸುಳ್ಳು ಹೇಳಿದ್ದರೂ ಸೋಲುತ್ತಿದ್ದ. ಆದರೆ ಅವಳು ಹರಕೆಯ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ. ಅಂದೇ ಎಣ್ಣೆಯ ಗಿಂಡಿ ಎತ್ತಿಕೊಂಡು ವೀರಗಲ್ಲಿನ ಕಡೆ ನಡೆದಳು. ಉಳಿದವರು ಹಿಂಬಾಲಿಸಿದರು.

ಜುಲೈ ಇಪ್ಪತ್ತಾರರಂದು ಕರ್ನಲ್ ಬಂದಾಗ ಗ್ರಾನೈಟ್ ಕನ್ನಡಿಯಂತೆ ಹೊಳೆಯುತ್ತಿತ್ತು. ಏಳೂ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಮಾರುತಿಯ ಹೆಸರಿನ ಬಳಿ ತುಸು ಹೆಚ್ಚು ಹೊತ್ತು ನಿಂತರು. "ಬೇಲಿ ಬೇಡ," ಎಂದರು. "ನೀವೇ ನೋಡಿಕೊಳ್ಳಿ, ಹವಾಲ್ದಾರ್." ಜುಂಜಯ್ಯ ಎರಡು ಸಲ ಸೆಲ್ಯೂಟ್ ಹೊಡೆದ, ಒಂದು ಸಾಕಾಗಿತ್ತು.

ಆಮೇಲೆ ಕರ್ನಲ್ ಬೇವಿನ ಮರದ ಕಡೆಯ ಹೊಗೆ, ಗಂಟೆ, ಜನರನ್ನು ನೋಡಿ ಅತ್ತ ನಡೆದರು. ಎಣ್ಣೆ ಕುಡಿದು ಮಿರುಗುತ್ತಿದ್ದ ವೀರಗಲ್ಲಿನ ಮುಂದೆ ನಿಂತು, ಅದರಲ್ಲಿ ಕತ್ತಿ ಹಿಡಿದಿದ್ದ ಹೆಸರಿಲ್ಲದ ಮನುಷ್ಯನನ್ನು ಬಹಳ ಹೊತ್ತು ದಿಟ್ಟಿಸಿದರು.

"ಇವನೂ ನಮ್ಮವನೇ," ಎಂದರು. "ಹವಾಲ್ದಾರ್, ಇಲ್ಲಿ ಸೆಲ್ಯೂಟ್ ಮಾಡಬೇಕೋ, ಕೈ ಮುಗಿಯಬೇಕೋ?"

ಜುಂಜಯ್ಯ ಚಂದ್ರಕ್ಕನ ಮುಖ ನೋಡಿದ.

"ಅದೆಲ್ಲ ಆಮೇಲೆ," ಎಂದಳು ಚಂದ್ರಕ್ಕ. "ಸಾಹೇಬ್ರೇ, ಮೊದ್ಲು ಬೂಟು ಬಿಚ್ರಿ."